ಗಣಿಯವರು ಗೆಲ್ಲಿಸಿದ ಮೇಷ್ಟ್ರು: ಜಾನ್ ಜೋರೆಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಪ್ರಶ್ನೆಗಳು ಒಬ್ಬರ ಬಗ್ಗೆಯೇ ಇವೆ. ಫ್ರಾನ್ಸ್‌ನ ಸಮಾಜವಾದಿ ಸಂಸದ ಜಾನ್ ಜೋರೆಸ್. ಬೇರೆ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಪೂರ್ತಿ ಜಾಗ ಅವರಿಗೇ ಕೊಡುತ್ತಿದ್ದೇನೆ.

ಪ್ಯಾರಿಸ್ ಮೆಟ್ರೋದಲ್ಲಿ ಜೋರೆಸ್ ಅಂತ ಒಂದು ಸ್ಟೇಷನ್ ಇದೆ. ತುಲೂಸ್‌ಗೆ ಹೋದರೆ ಅಲ್ಲಿಯೂ ಅದೇ ಹೆಸರು. ಇವರು ಪ್ರಧಾನಿ ಆಗಿದ್ದರಾ? (ಮೈಸೂರಿನ ಓದುಗರು)

ಇಲ್ಲ. ಪ್ರಧಾನಿ ಇರಲಿ, ಒಂದು ದಿನಕ್ಕೂ ಮಂತ್ರಿ ಆಗಲಿಲ್ಲ. ಸಿಕ್ಕಿದ ದೊಡ್ಡ ಹುದ್ದೆ ಅಂದ್ರೆ 1903ರಲ್ಲಿ ಸಂಸತ್ತಿನ ಕೆಳಮನೆಯ ಉಪಾಧ್ಯಕ್ಷ ಸ್ಥಾನ, ಅದೂ ಸ್ವಲ್ಪ ಕಾಲ ಮಾತ್ರ. ಉಳಿದಂತೆ ಬರೀ ಸಂಸದ, ಪತ್ರಕರ್ತ, ಅದಕ್ಕೂ ಮೊದಲು ಮೇಷ್ಟ್ರು. ಆದ್ರೂ ಫ್ರಾನ್ಸ್‌ನಲ್ಲಿ ಇವರ ಹೆಸರಿನ ರಸ್ತೆಯೋ ಚೌಕವೋ ಶಾಲೆಯೋ ಇಲ್ಲದ ಊರು ಹುಡುಕೋದು ಕಷ್ಟ. ನೀವು ನೋಡಿದ ಪ್ಯಾರಿಸ್ ಸ್ಟೇಷನ್‌ಗೆ ಮೊದಲು ಜರ್ಮನಿ ರಸ್ತೆಯ ಹೆಸರಿತ್ತು. 1914ರಲ್ಲಿ ಯುದ್ಧ ಶುರುವಾದಾಗ ಅದನ್ನು ತೆಗೆದು ಜೋರೆಸ್ ಹೆಸರು ಇಟ್ಟರು. ಜರ್ಮನಿ ಜೊತೆ ಯುದ್ಧ ಬೇಡ ಅಂತ ಕೊನೆಯ ಉಸಿರಿನವರೆಗೂ ಹೋರಾಡಿದ ಮನುಷ್ಯನ ಹೆಸರನ್ನು ಆ ಕಾರಣಕ್ಕೆ ಬಳಸಿದ್ದು ನನಗೆ ಈಗಲೂ ನೋವು ಕೊಡುತ್ತದೆ.

ಹುಟ್ಟಿದ್ದು 1859ರಲ್ಲಿ, ದಕ್ಷಿಣದ ತಾರ್ನ್ ಜಿಲ್ಲೆಯ ಕಾಸ್ತ್ರ ಊರಲ್ಲಿ. ಮನೆಯಲ್ಲಿ ಹಣ ಕಡಿಮೆ, ಹುಡುಗ ಓದಿನಲ್ಲಿ ಬಹಳ ಚುರುಕು. ಪ್ಯಾರಿಸ್‌ನ ಎಕೋಲ್ ನಾರ್ಮಲ್ ಸುಪೀರಿಯರ್‌ಗೆ 1878ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾಗಿ ಸೇರಿದರು. ಆಮೇಲೆ ಆಲ್ಬಿ ಊರಿನ ಶಾಲೆಯಲ್ಲೂ ತುಲೂಸ್ ವಿಶ್ವವಿದ್ಯಾಲಯದಲ್ಲೂ ತತ್ವಶಾಸ್ತ್ರ ಪಾಠ ಮಾಡಿದರು. 1885ರಲ್ಲಿ, 26ನೇ ವಯಸ್ಸಿಗೆ ಸಂಸದ. ಆಗ ಸಮಾಜವಾದಿ ಆಗಿರಲಿಲ್ಲ, ಸಾಧಾರಣ ಗಣರಾಜ್ಯವಾದಿ. 1889ರಲ್ಲಿ ಸೋತರು, ವಾಪಸ್ ಪಾಠಕ್ಕೆ ಹೋದರು. ಕಥೆ ನಿಜವಾಗಿ ಶುರುವಾಗೋದು ಆಮೇಲೆ.

ಓದಿಕೊಂಡ ಮೇಷ್ಟ್ರೊಬ್ಬರನ್ನು ಗಣಿ ಕಾರ್ಮಿಕರು ತಮ್ಮ ನಾಯಕ ಅಂತ ಒಪ್ಪಿಕೊಂಡದ್ದು ಹೇಗೆ? (ಕೋಲಾರ ಜಿಲ್ಲೆಯಿಂದ ಒಬ್ಬ ಓದುಗರು)

ತುಂಬಾ ಒಳ್ಳೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕಂದ್ರೆ ಜೋರೆಸ್ ಅರ್ಥ ಆಗಬೇಕಾದ್ರೆ ಮೊದಲು ಕಾರ್ಮೋ ಅರ್ಥ ಆಗಬೇಕು.

ಕಾರ್ಮೋ ತಾರ್ನ್ ಜಿಲ್ಲೆಯ ಪಟ್ಟಣ. ಅಲ್ಲಿ ಕಲ್ಲಿದ್ದಲು ಗಣಿ, ಪಕ್ಕದಲ್ಲಿ ಗಾಜಿನ ಕಾರ್ಖಾನೆ. ಗಣಿ ಸೊಲಾಜ್ ಅನ್ನೋ ಶ್ರೀಮಂತ ಮನೆತನದ ಹಿಡಿತದಲ್ಲಿತ್ತು. ಆ ಮನೆಯ ಮಾರ್ಕ್ವಿಸ್ಸೇ (ಇದು ಶ್ರೀಮಂತ ಮನೆತನದ ಬಿರುದು) ಆ ಕ್ಷೇತ್ರದ ಸಂಸದ ಕೂಡ. ಅವರ ಮಾವ ಬ್ಯಾರನ್ ರೈಲ್ ಗಣಿ ಕಂಪನಿಯ ಅಧ್ಯಕ್ಷ, ಅವರೂ ಸಂಸದರೇ. ಅಂದ್ರೆ ಕೂಲಿ ಕೊಡುವವರೂ ಅವರೇ, ಕಾನೂನು ಮಾಡುವವರೂ ಅವರೇ.

1892ರಲ್ಲಿ ಊರಿನ ಚುನಾವಣೆ ನಡೆಯಿತು. ಗಣಿ ಕಾರ್ಮಿಕ, ಸಂಘದ ಮುಖಂಡ ಜಾನ್ ಬಾಪ್ತಿಸ್ತ್ ಕಾಲ್ವಿನ್ಯಾಕ್ ಅವರನ್ನು ಜನ ಗೆಲ್ಲಿಸಿ ಮೇಯರ್ ಮಾಡಿದರು. ಮೇಯರ್ ಕೆಲಸಕ್ಕೆ ಸಮಯ ಬೇಕಲ್ಲ, ಅದಕ್ಕೆ ರಜೆ ಕೇಳಿದರು. ಕಂಪನಿ ಕೊಡಲಿಲ್ಲ. ಕೆಲಸಕ್ಕೆ ಸರಿಯಾಗಿ ಬರುತ್ತಿಲ್ಲ ಅಂತ ಹೇಳಿ ತೆಗೆದೇ ಹಾಕಿತು. ಗಣಿಯವರು ಒಟ್ಟಾಗಿ ಕೆಲಸ ನಿಲ್ಲಿಸಿದರು. ಆಗಸ್ಟ್‌ನಿಂದ ನವೆಂಬರ್ ಶುರುವಿನವರೆಗೂ ಮುಷ್ಕರ ನಡೆಯಿತು, ಸರ್ಕಾರ ಊರಿಗೆ ಸೈನ್ಯ ಕಳಿಸಿತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಜನ ಕೂಲಿ ಹೆಚ್ಚಿಸಿ ಅಂತ ಬೀದಿಗೆ ಬಂದದ್ದಲ್ಲ. ನಾವು ವೋಟು ಹಾಕಿ ಗೆಲ್ಲಿಸಿದವನು ಕೆಲಸ ಮಾಡಬಹುದೋ ಇಲ್ಲವೋ ಅನ್ನೋದನ್ನು ಮಾಲೀಕ ತೀರ್ಮಾನ ಮಾಡಬಾರದು, ಇಷ್ಟೇ ಅವರ ಮಾತು. ತುಲೂಸ್‌ನಲ್ಲಿದ್ದ ಜೋರೆಸ್ ಆಗ ನಗರಸಭೆಯಲ್ಲಿ ಶಾಲೆಗಳ ಜವಾಬ್ದಾರಿ ನೋಡಿಕೊಳ್ಳುತ್ತಿದ್ದರು, ಜರ್ಮನ್ ಸಮಾಜವಾದದ ಬೇರುಗಳ ಬಗ್ಗೆ ಡಾಕ್ಟರೇಟಿಗೆ ಪ್ರಬಂಧವನ್ನೂ ಬರೆದಿದ್ದರು. ಲಾ ದೆಪೆಶ್ ಪತ್ರಿಕೆಯಲ್ಲಿ ಕಾರ್ಮಿಕರ ಪರ ಬರೆದರು. ಪುಸ್ತಕದಲ್ಲಿ ಓದಿದ್ದು ಕಾರ್ಮೋದಲ್ಲಿ ಕಣ್ಣಿಗೆ ಬಿತ್ತು ಅಂತ ಹೇಳಬಹುದು.

ಕೊನೆಗೆ ಪ್ರಧಾನಿಯೇ ಮಧ್ಯಸ್ಥಿಕೆ ವಹಿಸಬೇಕಾಯಿತು. ಕಾಲ್ವಿನ್ಯಾಕ್‌ಗೆ ಕೆಲಸ ವಾಪಸ್ ಸಿಕ್ಕಿತು. ಮುಷ್ಕರದ ನಡುವೆಯೇ ಸೊಲಾಜ್ ಸಂಸದ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. 1893ರ ಜನವರಿಯಲ್ಲಿ ಆ ಜಾಗಕ್ಕೆ ಉಪಚುನಾವಣೆ ಆಯಿತು. ಗಣಿಯವರು ಜೋರೆಸ್ ಅವರನ್ನು ನಿಲ್ಲಿಸಿದರು, ಆದ್ರೆ ಸುಮ್ನೆ ಅಲ್ಲ. ಕಾರ್ಮಿಕ ಪಕ್ಷದ ಕಾರ್ಯಕ್ರಮ ಒಪ್ಪಿಕೊಳ್ಳಬೇಕು ಅನ್ನೋ ಷರತ್ತು ಹಾಕಿದರು. ಮೇಷ್ಟ್ರು ಒಪ್ಪಿದರು, ಗೆದ್ದರು. ಮೇಷ್ಟ್ರು ಕಾರ್ಮಿಕರನ್ನು ತಿದ್ದಲು ಹೋದದ್ದಲ್ಲ, ಕಾರ್ಮಿಕರೇ ಮೇಷ್ಟ್ರಿಗೆ ದಾರಿ ತೋರಿಸಿದರು ಅಂತ ನನ್ನ ಅಭಿಪ್ರಾಯ.

ಅದೇ ವರ್ಷ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಾಡಿದ ಭಾಷಣದಲ್ಲಿ ಅವರು ಹೇಳಿದ ಮಾತಿನ ಸಾರ ಇದು: ರಾಜಕೀಯದಲ್ಲಿ ಕೂಲಿಯವನು ದೊರೆ, ಮಂತ್ರಿಗಳನ್ನೂ ಇಳಿಸಬಲ್ಲ. ಆದ್ರೆ ಕೆಲಸದ ಜಾಗಕ್ಕೆ ಹೋದ ತಕ್ಷಣ ಅವನು ಜೀತದವನ ಹಾಗೆ, ಯಾವ ಗಳಿಗೆಯಲ್ಲಾದರೂ ಹೊರಗೆ ಹಾಕಬಹುದು. ಕಾಲ್ವಿನ್ಯಾಕ್ ಕಥೆ ಗೊತ್ತಿದ್ದವರಿಗೆ ಈ ಮಾತು ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ.

ಕಾರ್ಮಿಕರೇ ಮಾಲೀಕರಾದ ಗಾಜಿನ ಕಾರ್ಖಾನೆಯೊಂದನ್ನು ಇವರು ಕಟ್ಟಿಸಿದರು ಅಂತ ಓದಿದ್ದೆ. ಅದು ನಿಜವಾ? (ಬೆಳಗಾವಿಯ ಓದುಗರು)

ನಿಜ. ಆದ್ರೆ ಇವರೊಬ್ಬರೇ ಕಟ್ಟಿಸಿದ್ದಲ್ಲ. 1895ರಲ್ಲಿ ಕಾರ್ಮೋದ ಗಾಜಿನ ಕಾರ್ಖಾನೆಯ ಮಾಲೀಕ ರೆಸೆಗ್ಯೆ, ಸಂಘದ ಸಮ್ಮೇಳನಕ್ಕೆ ಹೋಗಿ ಬಂದ ಮುಖಂಡರನ್ನು ಕೆಲಸದಿಂದ ತೆಗೆದರು. ಮುಷ್ಕರ ಆಯಿತು. ಕಾರ್ಮಿಕರು ವಾಪಸ್ ಬರುತ್ತೇವೆ ಅಂದಾಗ ಮಾಲೀಕರು ಬಾಗಿಲು ತೆಗೆಯಲಿಲ್ಲ, ಸಂಘವನ್ನೇ ಮುಗಿಸಬೇಕು ಅಂತ ಹಟ ಹಿಡಿದರು. ಜೋರೆಸ್ ಆ ತಿಂಗಳುಗಳಲ್ಲಿ ಕಾರ್ಮೋ ಮತ್ತು ಪ್ಯಾರಿಸ್ ನಡುವೆ ಓಡಾಡುತ್ತಾ, ಹಣ ಸೇರಿಸುತ್ತಾ, ಸಂಸತ್ತಿನಲ್ಲಿ ಸರ್ಕಾರವನ್ನು ಪ್ರಶ್ನೆ ಮಾಡುತ್ತಾ ಇದ್ದರು. ಆಮೇಲೆ ಕಾರ್ಮಿಕರೇ ಬೇರೆ ಕಾರ್ಖಾನೆ ಕಟ್ಟೋಣ ಅನ್ನೋ ತೀರ್ಮಾನಕ್ಕೆ ಬಂದರು. ದಾಂಬೂರ್ ಅನ್ನೋ ಮಹಿಳೆ 1 ಲಕ್ಷ ಫ್ರಾಂಕ್ ಕೊಟ್ಟರು. ದೇಶದ ತುಂಬ ಸಂಘಗಳು, ಸಹಕಾರಿ ಅಂಗಡಿಗಳು 20 ಸೆಂಟೀಮ್ ಟಿಕೆಟ್ ಮಾರಿ ಉಳಿದ ಹಣ ಕೂಡಿಸಿದವು.

1896ರ ಅಕ್ಟೋಬರ್‌ನಲ್ಲಿ ಹತ್ತಿರದ ಆಲ್ಬಿಯಲ್ಲಿ ಆ ಕಾರ್ಖಾನೆ ಶುರುವಾಯಿತು. ಮೊದಲ ದಿನಗಳು ಬಹಳ ಕಷ್ಟ. ಕುಲುಮೆ ಕಟ್ಟಿದವರೂ ಅವರೇ, ಅರೆಹೊಟ್ಟೆಯಲ್ಲಿ ಇದ್ದವರೂ ಅವರೇ. ಗೆಳೆಯರಲ್ಲೇ ಕೆಲವರು ಇದು ನಡೆಯಲ್ಲ ಅಂತ ಹೇಳಿದ್ದರು. ನಡೆಯಿತು, ದಶಕಗಟ್ಟಲೆ ನಡೆಯಿತು. ಈಗಲೂ ಆಲ್ಬಿಯಲ್ಲಿ ಬಾಟಲಿ ತಯಾರಾಗುತ್ತದೆ, ಆದ್ರೆ ದೊಡ್ಡ ಕಂಪನಿಯೊಂದರ ಕೈಯಲ್ಲಿ.

ಡ್ರೈಫಸ್ ಪ್ರಕರಣದಲ್ಲಿ ಜೋರೆಸ್ ಮೊದಲು ತಪ್ಪು ಪಕ್ಷದಲ್ಲಿದ್ದರು ಅಂತಾರೆ. ಅಂಥವರನ್ನು ಯಾಕೆ ಹೊಗಳಬೇಕು? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿನಿ)

ನೀವು ಹೇಳಿದ್ದು ಸರಿ. 1894ರ ಕೊನೆಯಲ್ಲಿ ಯಹೂದಿ ಸೇನಾಧಿಕಾರಿ ಆಲ್ಫ್ರೆಡ್ ಡ್ರೈಫಸ್ ಅವರಿಗೆ ಬೇಹುಗಾರಿಕೆಯ ಸುಳ್ಳು ಆರೋಪದ ಮೇಲೆ ಶಿಕ್ಷೆಯಾದಾಗ, ಜೋರೆಸ್ ಸಂಸತ್ತಿನಲ್ಲಿ ಎದ್ದು ನಿಂತು ಮಾತಾಡಿದ್ದು ಹೀಗೆ: ಬಡ ಸಿಪಾಯಿ ಅಧಿಕಾರಿಯ ಮೇಲೆ ಅಂಗಿಯ ಗುಂಡಿ ಎಸೆದರೂ ಮರಣದಂಡನೆ ಕೊಡುತ್ತೀರಿ, ಈ ಅಧಿಕಾರಿಗೆ ಮಾತ್ರ ಯಾಕೆ ಕಡಿಮೆ ಶಿಕ್ಷೆ? ಡ್ರೈಫಸ್ ನಿರಪರಾಧಿ ಇರಬಹುದು ಅನ್ನೋ ಯೋಚನೆ ಆಗ ಬರಲಿಲ್ಲ. ಎಡಪಂಥದ ಬಹಳಷ್ಟು ಜನರಿಗೂ ಬಂದಿರಲಿಲ್ಲ, ಕೆಲವರಲ್ಲಿ ಯಹೂದಿ ದ್ವೇಷವೂ ಇತ್ತು. ಇದನ್ನು ಮುಚ್ಚಿಡಬಾರದು.

ಆದ್ರೆ ಮುಂದೆ ಏನು ಮಾಡಿದರು ನೋಡಿ. ದಾಖಲೆ ಓದಿದರು, ಅನುಮಾನ ಬಂತು, ಮನಸ್ಸು ಬದಲಿಸಿದರು. 1898ರ ಫೆಬ್ರವರಿಯಲ್ಲಿ ಡ್ರೈಫಸ್ ಪರ ಬರೆದ ಕಾದಂಬರಿಕಾರ ಎಮಿಲ್ ಜೋಲಾ ಮೇಲಿನ ಮೊಕದ್ದಮೆಯಲ್ಲಿ ಕೋರ್ಟಿಗೆ ಹೋಗಿ ಜೋಲಾ ಪರ ಸಾಕ್ಷಿ ಹೇಳಿದರು. ಮೇ ತಿಂಗಳಲ್ಲಿ ಚುನಾವಣೆ ಇತ್ತು. ಹೀಗೆ ಮಾತಾಡಿದರೆ ವೋಟು ಹೋಗುತ್ತೆ ಅಂತ ಯಾರಿಗೂ ಗೊತ್ತಿತ್ತು, ಅಲ್ವಾ? ಹೋಯಿತು. ಅದೇ ಮಾರ್ಕ್ವಿಸ್ ಸೊಲಾಜ್ ಎದುರು ಸೋತರು. ಗಣಿ ಕಂಪನಿಯ ಒತ್ತಡ, ಗಾಜಿನ ಕಾರ್ಮಿಕರಲ್ಲಿ ತುಂಬಾ ಜನ ಆಲ್ಬಿಗೆ ಹೋಗಿದ್ದದ್ದು, ಇವೂ ಕಾರಣಗಳೇ.

ಸೋತ ಮೇಲೆ ಸುಮ್ಮನಾಗಲಿಲ್ಲ. ಆ ಬೇಸಿಗೆಯಲ್ಲೇ ಪತ್ರಿಕೆಯಲ್ಲಿ ಒಂದರ ಮೇಲೊಂದು ಲೇಖನ ಬರೆದು, ಕೈಬರಹ ಯಾರದ್ದು, ದಾಖಲೆ ಯಾರು ತಿದ್ದಿದರು ಅನ್ನೋದನ್ನು ಎಳೆಎಳೆಯಾಗಿ ಬಿಡಿಸಿಟ್ಟರು. ಜೂಲ್ ಗೆಸ್ದ್ ಥರದ ಸಮಾಜವಾದಿಗಳು ಇದು ಶ್ರೀಮಂತರ ಜಗಳ, ಕಾರ್ಮಿಕರಿಗೆ ಸಂಬಂಧ ಇಲ್ಲ ಅನ್ನುತ್ತಿದ್ದರು. ಜೋರೆಸ್ ಉತ್ತರ ನೇರವಾಗಿತ್ತು. ಇಷ್ಟು ಅನ್ಯಾಯಕ್ಕೆ ಗುರಿಯಾದ ಮೇಲೆ ಆ ವ್ಯಕ್ತಿ ಅಧಿಕಾರಿಯೂ ಅಲ್ಲ, ಶ್ರೀಮಂತನೂ ಅಲ್ಲ, ಕಷ್ಟದಲ್ಲಿರುವ ಮನುಷ್ಯ ಅಷ್ಟೇ. 1902ರಲ್ಲಿ ಕಾರ್ಮೋ ಜನ ಮತ್ತೆ ಗೆಲ್ಲಿಸಿದರು. 1903ರ ಏಪ್ರಿಲ್‌ನಲ್ಲಿ ಸಂಸತ್ತಿನಲ್ಲಿ ಇವರು ವಿಷಯ ಮತ್ತೆ ಎತ್ತಿದ್ದರಿಂದ ತನಿಖೆ ಚುರುಕಾಯಿತು, 1906ರಲ್ಲಿ ಡ್ರೈಫಸ್ ಪೂರ್ತಿ ನಿರ್ದೋಷಿ ಅಂತ ತೀರ್ಪು ಬಂತು. ಅವರನ್ನು ಯಾಕೆ ಹೊಗಳಬೇಕು ಅಂತ ಕೇಳಿದಿರಿ. ಇಷ್ಟು ಸಾಕು ಅಂದುಕೊಳ್ಳುತ್ತೇನೆ.

ಭಾಷಣ ಬಿಟ್ಟು ಸಂಸತ್ತಿನಲ್ಲಿ ಇವರು ಮಾಡಿಸಿದ್ದೇನು? (ಬೆಂಗಳೂರಿನ ಓದುಗರು)

ಬಹುಪಾಲು ವಿರೋಧ ಪಕ್ಷದಲ್ಲೇ ಜೀವನ ಕಳೆದ ಸಂಸದನಿಗೆ ಈ ಪ್ರಶ್ನೆ ಕಠಿಣ, ಆದ್ರೂ ಉತ್ತರ ಇದೆ.

1905ರ ಡಿಸೆಂಬರ್ 9ರ ಕಾನೂನು, ಚರ್ಚು ಮತ್ತು ಸರ್ಕಾರವನ್ನು ಬೇರೆ ಮಾಡಿದ್ದು. ಸದನದಲ್ಲಿ ಮಸೂದೆ ಮುನ್ನಡೆಸಿದವರು ಅರಿಸ್ತೀದ್ ಬ್ರಿಯಾಂ, ಬೆನ್ನಿಗೆ ನಿಂತವರು ಜೋರೆಸ್. ಜಗಳ ಜೋರಾಗಿ ಬಿದ್ದದ್ದು 4ನೇ ವಿಧಿಯ ಮೇಲೆ: ಚರ್ಚಿನ ಆಸ್ತಿ ಯಾವ ಸಂಘಕ್ಕೆ ಹೋಗಬೇಕು? ಕಟ್ಟಾ ಎಡದವರಿಗೆ ಚರ್ಚನ್ನು ಒಡೆಯುವ ಆಸೆ. ಆಯಾ ಧರ್ಮದ ಒಳವ್ಯವಸ್ಥೆಗೆ ಗೌರವ ಕೊಡೋಣ ಅನ್ನೋ ಕಡೆ ಇವರಿಬ್ಬರೂ ನಿಂತರು. ಜೋರೆಸ್‌ಗೆ ಪಾದ್ರಿಗಳ ಮೇಲೆ ಸೇಡು ಬೇಕಿರಲಿಲ್ಲ. ಈ ಗಲಾಟೆ ಬೇಗ ಮುಗಿದರೆ ಸಂಸತ್ತು ಪಿಂಚಣಿಯಂಥ ಕೆಲಸ ಮಾಡಬಹುದು ಅನ್ನೋದು ಅವರ ಲೆಕ್ಕ.

ಪಿಂಚಣಿ ಬಂತು, 1910ರ ಏಪ್ರಿಲ್‌ನಲ್ಲಿ, ಕಾರ್ಮಿಕರಿಗೂ ರೈತರಿಗೂ. ಆದ್ರೆ 65 ವರ್ಷ ಆಗಬೇಕಿತ್ತು. ಅಷ್ಟು ವರ್ಷ ಬದುಕೋ ಕಾರ್ಮಿಕರೇ ಕಡಿಮೆ, ಇದು ಸತ್ತವರಿಗೆ ಪಿಂಚಣಿ ಅಂತ ಸಿಜಿಟಿ ಕಾರ್ಮಿಕ ಸಂಘಟನೆ ಗೇಲಿ ಮಾಡಿತು. ಮಾತು ಸುಳ್ಳೇನಲ್ಲ. ಜೋರೆಸ್ ಆದ್ರೂ ಪರವಾಗಿ ನಿಂತರು. ಮೊದಲು ಹಕ್ಕು ಅಂತ ಕಾನೂನಿನಲ್ಲಿ ಬರಲಿ, ವಯಸ್ಸು ಆಮೇಲೆ ಇಳಿಸೋಣ ಅಂದರು. 1912ರಲ್ಲಿ 60ಕ್ಕೆ ಇಳಿಯಿತು. ಅರ್ಧ ಸಿಕ್ಕರೆ ಬೇಡ ಅನ್ನೋ ರಾಜಕಾರಣಕ್ಕಿಂತ ಇದು ಬಡವರಿಗೆ ಹೆಚ್ಚು ಉಪಯೋಗ ಅಂತಲೇ ನಾನು ನಂಬುತ್ತೇನೆ, ಈ ಬಗ್ಗೆ ಭಿನ್ನಾಭಿಪ್ರಾಯ ಇರುವವರು ಖಂಡಿತ ಬರೆಯಿರಿ.

ಸೋತದ್ದೂ ಇದೆ. 1908ರಲ್ಲಿ ಮರಣದಂಡನೆ ರದ್ದು ಮಾಡಬೇಕು ಅಂತ ವಾದ ಮಾಡಿದರು, ಸಂಸತ್ತು ಒಪ್ಪಲಿಲ್ಲ. ಅದು ರದ್ದಾಗಿದ್ದು 1981ರಲ್ಲಿ. ಆ ಮಸೂದೆ ತಂದ ನ್ಯಾಯ ಮಂತ್ರಿ ರೊಬೇರ್ ಬಾದಂತೇರ್ ತಮ್ಮ ಭಾಷಣದಲ್ಲಿ ಜೋರೆಸ್ ಮಾತುಗಳನ್ನೇ ಓದಿ ಹೇಳಿದರು. 73 ವರ್ಷ ತಡ.

ಇನ್ನೊಂದು ಹೇಳಲೇಬೇಕು. 1906ರ ಮಾರ್ಚ್‌ನಲ್ಲಿ ಉತ್ತರದ ಕೂರಿಯೇರ್ ಗಣಿ ಸ್ಫೋಟದಲ್ಲಿ 1,099 ಜನ ಸತ್ತರು. ಮುಷ್ಕರ ಎದ್ದಿತು, ಗೃಹ ಮಂತ್ರಿ ಕ್ಲೆಮಾಂಸೋ ಸೈನ್ಯ ಕಳಿಸಿದರು. ಆ ಜೂನ್‌ನಲ್ಲಿ ಸಂಸತ್ತಿನಲ್ಲಿ ಇಬ್ಬರ ನಡುವೆ ದಿನಗಟ್ಟಲೆ ನಡೆದ ವಾದವನ್ನು ಫ್ರಾನ್ಸ್‌ನಲ್ಲಿ ಈಗಲೂ ಓದುತ್ತಾರೆ. ಮುಷ್ಕರದಲ್ಲಿ ಕಲ್ಲು ಎಸೆದವನ ಹಿಂಸೆ ಎಲ್ಲರಿಗೂ ಕಾಣುತ್ತೆ, ನಾಲ್ಕು ಜನ ಕೋಣೆಯಲ್ಲಿ ಕೂತು ತಣ್ಣಗೆ ತೀರ್ಮಾನ ಮಾಡಿ ನೂರಾರು ಮನೆಗಳನ್ನು ಹಸಿವಿಗೆ ತಳ್ಳುವ ಹಿಂಸೆಗೆ ಸದ್ದೇ ಇರಲ್ಲ ಅನ್ನೋ ಅರ್ಥದ ಮಾತು ಅಲ್ಲಿ ಬಂದದ್ದು.

ಭಾರತದ ಬಗ್ಗೆ ಜೋರೆಸ್‌ಗೆ ಏನಾದ್ರೂ ಸಂಬಂಧ ಇತ್ತಾ? (ಉಡುಪಿಯ ಓದುಗರು)

ಸ್ವಲ್ಪ ಇತ್ತು. 1907ರ ಆಗಸ್ಟ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನದಲ್ಲಿ ಮೇಡಂ ಭಿಕಾಜಿ ಕಾಮಾ ಭಾರತದ ಬಾವುಟ ಬಿಚ್ಚಿದ್ದು ನಿಮಗೆ ಗೊತ್ತಿರಬಹುದು. ಜೋರೆಸ್ ಆ ಸಮ್ಮೇಳನದ ಮುಖ್ಯ ನಾಯಕರಲ್ಲಿ ಒಬ್ಬರು. 1910ರ ಜುಲೈನಲ್ಲಿ ಸಾವರ್ಕರ್ ಮಾರ್ಸೇಯ್ ಬಂದರಿನಲ್ಲಿ ಹಡಗಿನಿಂದ ಹಾರಿ ಈಜಿ ದಡ ಸೇರಿದಾಗ ಫ್ರೆಂಚ್ ಪೊಲೀಸರು ಅವರನ್ನು ಹಿಡಿದು ಬ್ರಿಟಿಷರಿಗೇ ಒಪ್ಪಿಸಿಬಿಟ್ಟರು. ನಮ್ಮ ನೆಲಕ್ಕೆ ಬಂದ ರಾಜಕೀಯ ಕೈದಿಯನ್ನು ಹೀಗೆ ಕೊಡೋದು ಕಾನೂನಿಗೆ ವಿರುದ್ಧ ಅಂತ ದನಿ ಎತ್ತಿದ್ದು ಜೋರೆಸ್ 1904ರಲ್ಲಿ ಶುರು ಮಾಡಿದ ಲ್ಯುಮಾನಿತೆ ಪತ್ರಿಕೆ. ಕಾರ್ಲ್ ಮಾರ್ಕ್ಸ್ ಮೊಮ್ಮಗ ಜಾನ್ ಲಾಂಗೆ ಅದರಲ್ಲಿ ಬರೆದರು. ವಿಷಯ ಹೇಗ್‌ನ ನ್ಯಾಯಮಂಡಳಿವರೆಗೂ ಹೋಯಿತು, 1911ರ ಫೆಬ್ರವರಿಯಲ್ಲಿ ತೀರ್ಪು ಬ್ರಿಟನ್ ಕಡೆ ಆಯಿತು.

ಜೋರೆಸ್ ಶುರುವಿನಿಂದಲೂ ವಸಾಹತುಗಳ ವಿರೋಧಿ ಆಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ಚಿಕ್ಕ ವಯಸ್ಸಿನಲ್ಲಿ ಫ್ರಾನ್ಸ್ ಹೊರಗೆ ಹೋಗಿ ನಾಗರಿಕತೆ ಹಂಚುತ್ತದೆ ಅಂತ ನಂಬಿದ್ದವರೇ. ಮೊರಾಕೋ ಆಕ್ರಮಣದ ಹೊತ್ತಿಗೆ ಅದರ ಕಡು ವಿರೋಧಿ ಆದರು.

ಅವರ ಮನೆಮಾತು ಫ್ರೆಂಚ್ ಅಲ್ಲವಂತೆ, ಹೌದಾ? (ಧಾರವಾಡದ ಶಿಕ್ಷಕಿ)

ಫ್ರೆಂಚ್ ಜೊತೆಗೆ ದಕ್ಷಿಣದ ಆಕ್ಸಿಟನ್ ಭಾಷೆಯೂ ಅವರಿಗೆ ಸಲೀಸು. ತಾರ್ನ್ ರೈತರ ಜೊತೆ ಅದರಲ್ಲೇ ಮಾತಾಡುತ್ತಿದ್ದರು, ಸಭೆಗಳಲ್ಲೂ ಬಳಸುತ್ತಿದ್ದರು. ಶಾಲೆಯಲ್ಲಿ ಊರ ಭಾಷೆ ಆಡಿದ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದ ಕಾಲ ಅದು. 1911ರಲ್ಲಿ ಅವರು ಬರೆದ ಲೇಖನಗಳಲ್ಲಿ, ಆ ಭಾಷೆಯನ್ನು ಫ್ರೆಂಚ್ ಪಕ್ಕದಲ್ಲಿಟ್ಟು ಹೋಲಿಸುತ್ತಾ ಕಲಿಸಿದರೆ ಮಕ್ಕಳ ಬುದ್ಧಿ ಬೆಳೆಯುತ್ತೆ, ಅದನ್ನು ಕೀಳಾಗಿ ನೋಡಬೇಡಿ ಅಂತ ಮೇಷ್ಟ್ರುಗಳಿಗೆ ಹೇಳಿದ್ದಾರೆ. ಸರ್ಕಾರ ಕೇಳಲಿಲ್ಲ.

ಅವರನ್ನು ಕೊಂದವನಿಗೆ ಏನಾಯಿತು? (ಹಾಸನದ ಓದುಗರು)

1914ರ ಜುಲೈ ಕೊನೆ. ಯುರೋಪು ಯುದ್ಧದ ಬಾಗಿಲಲ್ಲಿತ್ತು. ಅದಕ್ಕೂ ಹಿಂದಿನ ವರ್ಷ, ಸೈನ್ಯ ಸೇವೆಯನ್ನು ಮೂರು ವರ್ಷಕ್ಕೆ ಏರಿಸುವ ಕಾನೂನನ್ನು ಜೋರೆಸ್ ವಿರೋಧಿಸಿದ್ದರಿಂದ ಬಲಪಂಥದ ಪತ್ರಿಕೆಗಳು ಇವರನ್ನು ಜರ್ಮನಿಯ ಏಜೆಂಟ್ ಅಂತ ಬರೆಯುತ್ತಿದ್ದವು, ಕೊಲ್ಲಬೇಕು ಅನ್ನೋ ಧಾಟಿಯಲ್ಲೂ ಬರೆದವು. ಇವರು 25ರಂದು ಲಿಯೋನ್ ಹತ್ತಿರ ವೇಝ್‌ನಲ್ಲಿ ಭಾಷಣ ಮಾಡಿದರು, 29ರಂದು ಬ್ರಸೆಲ್ಸ್‌ಗೆ ಹೋಗಿ ಜರ್ಮನ್ ಸಮಾಜವಾದಿಗಳ ಜೊತೆ ಒಂದೇ ವೇದಿಕೆಯಲ್ಲಿ ನಿಂತರು. 31ರ ಶುಕ್ರವಾರ ಪ್ಯಾರಿಸ್‌ನಲ್ಲಿ ಸರ್ಕಾರದವರನ್ನು ಒತ್ತಾಯಿಸಿ, ರಾತ್ರಿ ಪತ್ರಿಕಾ ಕಚೇರಿ ಹತ್ತಿರದ ಕಫೆ ದು ಕ್ರುವಾಸಾಂನಲ್ಲಿ ಊಟಕ್ಕೆ ಕೂತಿದ್ದರು. ತೆರೆದ ಕಿಟಕಿಗೆ ಬೆನ್ನು ಹಾಕಿದ್ದರು. 28 ವರ್ಷದ ರಾವುಲ್ ವಿಲೆಂ ಹೊರಗಿನಿಂದ ಗುಂಡು ಹಾರಿಸಿದ. ಮೂರು ದಿನಕ್ಕೆ ಜರ್ಮನಿ ಫ್ರಾನ್ಸ್ ಮೇಲೆ ಯುದ್ಧ ಸಾರಿತು. ಆಗಸ್ಟ್ 4ರಂದು ಬೆಳಿಗ್ಗೆ ಶವಯಾತ್ರೆ, ಅದೇ ದಿನ ಸಂಸತ್ತು ಯುದ್ಧದ ಹಣಕ್ಕೆ ಒಪ್ಪಿಗೆ ಕೊಟ್ಟಿತು. ಜೋರೆಸ್ ಪಕ್ಷದವರೂ ಕೈ ಎತ್ತಿದರು.

ಜೋರೆಸ್ ಬದುಕಿದ್ದರೆ ಯುದ್ಧ ನಿಲ್ಲುತ್ತಿತ್ತು ಅಂತ ಹೇಳೋರು ಇದ್ದಾರೆ. ನನಗೆ ಹಾಗನಿಸುವುದಿಲ್ಲ, ಆ ಹೊತ್ತಿಗೆ ಸೈನ್ಯಗಳು ಹೊರಟಾಗಿತ್ತು.

ವಿಲೆಂ ಯುದ್ಧ ಮುಗಿಯುವವರೆಗೂ ವಿಚಾರಣೆ ಇಲ್ಲದೆ ಜೈಲಿನಲ್ಲಿದ್ದ. 1919ರ ಮಾರ್ಚ್ 29ರಂದು ತೀರ್ಪು ಬಂತು: ಬಿಡುಗಡೆ. ಗುಂಡು ಹಾರಿಸಿದ್ದನ್ನು ಅವನೇ ಒಪ್ಪಿದ್ದ, ಆದ್ರೂ ಬಿಡುಗಡೆ! ಅಷ್ಟೇ ಅಲ್ಲ, ಮೊಕದ್ದಮೆಯ ಖರ್ಚನ್ನು ಜೋರೆಸ್ ಹೆಂಡತಿ ಲೂಯಿಸ್ ತಲೆ ಮೇಲೆ ಹಾಕಿದರು. ಅವರ ಮಗ ಲೂಯಿ ಅದಕ್ಕೂ ಮುಂಚೆ, 1918ರ ಜೂನ್‌ನಲ್ಲಿ, ಅದೇ ಯುದ್ಧದಲ್ಲಿ ಹೋರಾಡುತ್ತಾ ಸತ್ತಿದ್ದ. 19 ವರ್ಷ. ದೇಶದ್ರೋಹಿ ಅಂತ ಕರೆಸಿಕೊಂಡವನ ಮಗ. ತೀರ್ಪಿನ ವಿರುದ್ಧ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ವಿಲೆಂ ಮುಂದೆ ಸ್ಪೇನ್‌ನ ಇಬಿಝಾ ದ್ವೀಪಕ್ಕೆ ಹೋಗಿ ನೆಲೆಸಿದ, 1936ರಲ್ಲಿ ಅಲ್ಲಿನ ಅಂತರ್ಯುದ್ಧದಲ್ಲಿ ಕೊಲೆಯಾದ.

ಈಗ ಫ್ರಾನ್ಸ್‌ನಲ್ಲಿ ಜೋರೆಸ್ ಯಾವ ಪಕ್ಷದವರು ಅಂತ ಲೆಕ್ಕ? (ಮಂಗಳೂರಿನ ಓದುಗರು)

ಎಲ್ಲರೂ ನಮ್ಮವರು ಅಂತಾರೆ. ಅವರು 1905ರಲ್ಲಿ ಒಟ್ಟುಗೂಡಿಸಿದ ಪಕ್ಷ 1920ರಲ್ಲಿ ಒಡೆಯಿತು. ಲ್ಯುಮಾನಿತೆ ಪತ್ರಿಕೆ ಕಮ್ಯುನಿಸ್ಟರ ಕಡೆ ಹೋಯಿತು, ಈಗಲೂ ಬರುತ್ತಿದೆ. ಸಮಾಜವಾದಿಗಳ ಕಡೆ ಜಾನ್ ಜೋರೆಸ್ ಪ್ರತಿಷ್ಠಾನ ಇದೆ. 2007ರ ಚುನಾವಣೆಯಲ್ಲಿ ಬಲಪಂಥದ ನಿಕೋಲಾ ಸಾರ್ಕೋಜಿ ಕೂಡ ಭಾಷಣಗಳಲ್ಲಿ ಜೋರೆಸ್ ಹೆಸರು ಎತ್ತಿದರು. ಅದು ನನಗೆ ಸರಿ ಕಾಣಲಿಲ್ಲ, ಕಾರ್ಮೋ ಕಥೆ ಓದಿದ ಮೇಲೆ ನಿಮಗೂ ಕಾಣಲಾರದು.

1924ರ ನವೆಂಬರ್ 23ರಂದು ಅವರ ಅವಶೇಷವನ್ನು ಪ್ಯಾರಿಸ್‌ನಲ್ಲಿ ದೇಶದ ಮಹನೀಯರ ಸಮಾಧಿಗಳಿರುವ ಪಾಂಥಿಯಾನ್‌ಗೆ ತಂದಾಗ ಜೊತೆಗೆ ನಡೆದವರು ಕೆಲಸದ ಬಟ್ಟೆ ತೊಟ್ಟ ಕಾರ್ಮೋದ ಗಣಿಯವರು. ಫ್ರಾನ್ಸ್‌ಗೆ ಹೋಗುವವರು ಪಾಂಥಿಯಾನ್ ಜೊತೆಗೆ ಕಾಸ್ತ್ರದಲ್ಲಿರುವ ಜೋರೆಸ್ ಮ್ಯೂಸಿಯಂ ನೋಡಿ, ತುಲೂಸ್‌ನಿಂದ ರೈಲಿದೆ.